ಗೌನ್ ತೊಟ್ಟು ದರಕಿನ ಮೇಲೆ ಮಲಗಬೇಡಿ: ಚಳಿಗಾಲದ ಫೋಟೋ ಶೂಟ್ ಬಗ್ಗೆ ಎಚ್ಚರಿಕೆ

ಶಿರಸಿ, ಸಿದ್ದಾಪುರದ ಕಡೆ ಈಗ ಹೊಸದೊಂದು ಪ್ಯಾಕೇಜ್ ಓಡುತ್ತಿದೆ. ವಿಂಟರ್ ಫ್ಯಾಶನ್ ಪೋರ್ಟ್ರೇಟ್ ಅಂತ ಹೆಸರು. ಬೆಳಗಿನ ಮಂಜು, ಘಟ್ಟದ ಗುಡ್ಡ, ನೆಲದ ಮೇಲೆ ಎಳೆದಾಡುವ ಉದ್ದ ಗೌನ್, ಮೇಕಪ್, ಕೊನೆಗೆ ಎಡಿಟ್ ಮಾಡಿದ ಒಂದಿಷ್ಟು ಫೋಟೋ. ಮದುವೆ ಗೊತ್ತಾದ ಹುಡುಗಿಯರು, ಮಾಡೆಲಿಂಗ್ ಆಸೆ ಇರುವವರು, ಕಾಲೇಜು ಮಕ್ಕಳು ಬುಕ್ ಮಾಡುತ್ತಿದ್ದಾರೆ. ನನ್ನ ತಂಗಿಯೂ ಮಾಡಿಸಿದಳು. ಜೊತೆಗೆ ನಾನು ಹೋಗಿದ್ದೆ. ನವೆಂಬರ್‌ನಿಂದ ಮೇ ತನಕ ನಮ್ಮ ಕಾಡಿನ ನೆಲದಲ್ಲಿ ಮಂಗನ ಕಾಯಿಲೆ ಹರಡುವ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ, ಇರುತ್ತದೆ ಅನ್ನುವುದು ಹೊರಗಿನಿಂದ ಬಂದ ಆ ಸ್ಟುಡಿಯೋದವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳಿದಾಗ ಕೇಳಲೂ ಇಲ್ಲ.

ಅವರು ಕಳಿಸಿದ ಸ್ಯಾಂಪಲ್ ಫೋಟೋಗಳಲ್ಲಿ ಹಿಂದೆ ದೇವದಾರು ಮರಗಳಿದ್ದವು, ನೆಲದ ತುಂಬ ಹಿಮ ಇತ್ತು. ಅವು ಹಿಮಾಲಯದ ಕಡೆಯ ಫೋಟೋಗಳು. ನಿಮಗೆ ಬಂದ ಸ್ಯಾಂಪಲ್‌ನಲ್ಲಿ ಮೊದಲು ಮರಗಳನ್ನು ನೋಡಿ. ದೇವದಾರು, ಪೈನ್ ಕಂಡರೆ ಅದು ನಮ್ಮ ಘಟ್ಟ ಅಲ್ಲ, ಇಲ್ಲಿ ತೆಗೆದ ಫೋಟೋ ತೋರಿಸಿ ಅಂತ ಕೇಳಿ. ಇದು ಚಂದದ ಮಾತಲ್ಲ, ಜೀವದ ಮಾತು. ಹಿಮದ ಮೇಲೆ ಮಲಗಿ ಫೋಟೋ ತೆಗೆಸಿಕೊಂಡರೆ ಚಳಿ ತಡೆದುಕೊಳ್ಳಬೇಕು ಅಷ್ಟೇ. ಆ ಕೆಲಸ ಬಲ್ಲವರು ಪ್ರತಿ ಶಾಟ್ ಮುಗಿದ ಕೂಡಲೇ ದಪ್ಪ ಜಾಕೆಟ್ ಹೊದಿಸುತ್ತಾರೆ, ಬಿಸಿ ಬಿಸಿ ಕುಡಿಯಲು ಕೊಡುತ್ತಾರೆ. ಅದೇ ಪೋಸನ್ನು ಜನವರಿಯಲ್ಲಿ ನಮ್ಮ ದರಕಿನ, ಅಂದರೆ ಉದುರಿದ ಒಣ ಎಲೆಗಳ ಮೇಲೆ ಮಾಡಿಸಿದರೆ ಸಂಗತಿಯೇ ಬೇರೆ.

ಯಾಣಕ್ಕೆ ಅಂತ ಹೇಳಿದ್ದರು. ಆ ದಿನ ಬೆಳಿಗ್ಗೆ ಕಾರಿನಲ್ಲಿ ಕೂತ ಮೇಲೆ ಮಾತು ಬದಲಾಯಿತು. ಯಾಣದಲ್ಲಿ ಇಂಥ ಶೂಟ್‌ಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅದನ್ನು ಅವರು ಪಡೆದಿರಲಿಲ್ಲ. ಸಿದ್ದಾಪುರದ ಕಡೆಯ ಒಂದು ಸೊಪ್ಪಿನ ಬೆಟ್ಟಕ್ಕೆ (ಅಡಿಕೆ ತೋಟಕ್ಕೆ ಸೊಪ್ಪು, ದರಕು ತರುವ ಕಾಡು) ಕಾರು ತಿರುಗಿಸಿದರು. ತಲುಪುವಷ್ಟರಲ್ಲಿ ಮಂಜು ಹರಿದು ಬಿಸಿಲು ಬಂದಿತ್ತು.

ತಂಗಿಗೆ ತೆಳ್ಳಗಿನ ನೆಟ್ ಬಟ್ಟೆಯ ಗೌನ್ ತೊಡಿಸಿದರು. ಪದರದ ಮೇಲೆ ಪದರ, ಹಿಂದೆ ಮಾರುದ್ದದ ಸೆರಗಿನಂಥ ಬಟ್ಟೆ. ಮರದ ಕೆಳಗೆ ದಪ್ಪಗೆ ಬಿದ್ದಿದ್ದ ದರಕಿನ ಮೇಲೆ ನಡೆಸಿದರು, ಕೂರಿಸಿದರು, ಕೊನೆಗೆ ಮಲಗಿಸಿದರು. ಕಾಲಿಗೆ ಚಪ್ಪಲಿ ಕೂಡ ಬೇಡ ಅಂದರು. ದರಕು ಗುಡಿಸಲು ಬುಟ್ಟಿ ಹಿಡಿದು ಬಂದ ಒಬ್ಬ ಅಜ್ಜಿ ನೋಡಿ ಅಲ್ಲೇ ನಿಂತರು.

"ತಂಗೀ, ಅಲ್ಲಿ ಮಲಗಬೇಡವೇ. ಉಣುಗು ಹತ್ತುತ್ತದೆ. ನಮ್ಮ ಕೇರಿಯಲ್ಲಿ ಮಂಗನ ಕಾಯಿಲೆ ಬಂದು ಹೋಗಿದೆ."

"ಎರಡೇ ನಿಮಿಷ ಅಜ್ಜಿ, ಲೈಟ್ ಹೋಗುತ್ತೆ" ಅಂದ ಫೋಟೋಗ್ರಾಫರ್. ನಾನು ತಂಗಿಯನ್ನು ಎಬ್ಬಿಸಲು ಹೋದರೆ, ಶೂಟ್ ನಿಲ್ಲಿಸಿದರೆ ಅಡ್ವಾನ್ಸ್ ವಾಪಸ್ ಇಲ್ಲ ಅಂದ. ಆ ಅಜ್ಜಿ ಉದ್ದ ತೋಳಿನ ಅಂಗಿ ಹಾಕಿದ್ದರು, ಕೈಕಾಲಿಗೆಲ್ಲ ಎಣ್ಣೆ ಹಚ್ಚಿಕೊಂಡಿದ್ದರು. ನಮ್ಮ ಹುಡುಗಿಯ ಕಾಲು, ಭುಜ, ಬೆನ್ನು ಎಲ್ಲ ಬರಿದು.

ಮಂಗನ ಕಾಯಿಲೆ ಅಂದರೆ ಹಳ್ಳಿಯ ಕೂಲಿಯವರಿಗೆ ಬರುವ ರೋಗ, ನಮಗೇನು ಅಂತ ಪೇಟೆಯಲ್ಲಿ ಎಷ್ಟೋ ಜನ ಅಂದುಕೊಂಡಿದ್ದಾರೆ. ಹಾಗಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ವೈರಸ್ ರೋಗ ಇದು. ಸೊರಬ ದಾಟಿದರೆ ನಮ್ಮ ಸಿದ್ದಾಪುರವೇ ಅಲ್ವಾ? ರೋಗ ಹರಡುವುದು ಉಣುಗಿನಿಂದ, ಅದರಲ್ಲೂ ಮರಿ ಉಣುಗಿನಿಂದ. ಮಳೆ ನಿಂತು ಎಲೆ ಉದುರುವ ಹೊತ್ತಿಗೆ ಅವು ನೆಲದಲ್ಲಿ ಜಾಸ್ತಿ ಆಗುತ್ತವೆ. ಎಳ್ಳಿನಷ್ಟೂ ಇರುವುದಿಲ್ಲ, ಕಚ್ಚಿದ್ದೇ ಗೊತ್ತಾಗದೆ ಇರಬಹುದು. ಕಚ್ಚಿದ 3ರಿಂದ 8 ದಿನಗಳಲ್ಲಿ ಒಮ್ಮೆಲೇ ಜೋರು ಜ್ವರ, ಹಣೆ ಸಿಡಿಯುವ ತಲೆನೋವು, ಮೈಕೈ ಮುರಿದುಹೋಗುವ ನೋವು ಶುರುವಾಗುತ್ತದೆ. ಕೆಲವರಿಗೆ ವಾಂತಿ, ವಸಡಿನಲ್ಲಿ, ಮೂಗಿನಲ್ಲಿ ರಕ್ತ. ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಲಕ್ಷಣ ನೋಡಿ ಆರೈಕೆ ಮಾಡುತ್ತಾರೆ. ಮೊದಲು ಕೊಡುತ್ತಿದ್ದ ಲಸಿಕೆಯನ್ನೂ ಈಗ ನಿಲ್ಲಿಸಿದ್ದಾರೆ. ರೋಗ ಬಂದ ನೂರು ಜನರಲ್ಲಿ ಮೂವರಿಂದ ಐವರು ಸಾಯುತ್ತಾರೆ. ಮನೆಯ ಮಗಳ ವಿಷಯದಲ್ಲಿ ಅದು ಚಿಕ್ಕ ಲೆಕ್ಕ ಅಲ್ಲ.

ನನಗೆ ಸಿಟ್ಟು ಬಂದದ್ದು ಗೌನ್ ನೋಡಿದಾಗ. ಆರೋಗ್ಯ ಇಲಾಖೆಯವರು ಉಣುಗು ಹಿಡಿದು ಪರೀಕ್ಷೆಗೆ ಕಳಿಸುವುದು ಹೇಗೆ ಗೊತ್ತಾ? ಬಿಳಿ ಬಟ್ಟೆಯೊಂದನ್ನು ಕಾಡಿನ ನೆಲದ ಮೇಲೆ ಎಳೆಯುತ್ತಾ ಹೋಗುತ್ತಾರೆ. ದಾರಿಯಲ್ಲಿದ್ದ ಉಣುಗು ಬಟ್ಟೆಗೆ ಹತ್ತಿಕೊಳ್ಳುತ್ತದೆ. ನನ್ನ ತಂಗಿಯ ಕೈಲಿ ಆ ಬೆಳಿಗ್ಗೆ ಮಾಡಿಸಿದ್ದು ಅದನ್ನೇ. ಕಾರಿನ ಹತ್ತಿರ ಬಂದು ನೆಟ್ ಬಟ್ಟೆಯ ಪದರ ಬಿಡಿಸಿದರೆ ಒಳಗೆಲ್ಲ ಚುಕ್ಕಿ ಚುಕ್ಕಿಯಾಗಿ ಹರಿದಾಡುತ್ತಿದ್ದವು. ಮಂಡಿಯ ಹಿಂದೆ, ಸೊಂಟದ ಪಟ್ಟಿಯ ಕೆಳಗೆ ಕಚ್ಚಿ ಕೂತಿದ್ದವು. ಆ ಗೌನ್ ಬಾಡಿಗೆಯದು. ಅದನ್ನು ಹಾಗೇ ಮಡಚಿ ಪೆಟ್ಟಿಗೆಗೆ ತುಂಬಿದರು. ಒಗೆಯುತ್ತೀರಾ ಅಂತ ಕೇಳಿದರೆ, ನೆಟ್ ಹಾಳಾಗುತ್ತದೆ, ಬಿಸಿಲಿಗೆ ಹಾಕುತ್ತೇವೆ ಅಂದರು.

ಕೆಲವು ದಿನ ಕಳೆದು ತಂಗಿಗೆ ಜ್ವರ ಬಂತು. ಶಿರಸಿಯಲ್ಲಿ ಡಾಕ್ಟರ್ ಹತ್ತಿರ ಹೋದ ಕೂಡಲೇ ಕಾಡಿಗೆ ಹೋಗಿದ್ದು, ಉಣುಗು ಕಚ್ಚಿದ್ದು ಎರಡನ್ನೂ ಹೇಳಿದೆವು. ರಕ್ತದ ಮಾದರಿ ಶಿವಮೊಗ್ಗದ ಲ್ಯಾಬ್‌ಗೆ ಹೋಯಿತು. ವರದಿ ಬರುವ ತನಕ ಆಯಿ ಊಟ ಬಿಟ್ಟಿದ್ದಳು. ದೇವರು ದೊಡ್ಡವನು, ನೆಗೆಟಿವ್ ಬಂತು. ಕಚ್ಚಿದ ಜಾಗಗಳು ಮಾತ್ರ ಬಹಳ ದಿನ ಊದಿಕೊಂಡು ತುರಿಸುತ್ತಿದ್ದವು.

ಹೋಗಲೇಬೇಕು ಅನ್ನುವವರಿಗೆ ನನ್ನ ಮಾತು ಇಷ್ಟು. ಬಂಡೆ ಇರುವ ಜಾಗ, ರಸ್ತೆ ಬದಿ, ಅಡಿಕೆ ಒಣಗಿಸುವ ಅಂಗಳ ಆರಿಸಿಕೊಳ್ಳಿ. 85 ಎಂಎಂ ಲೆನ್ಸನ್ನು ಎಫ್ 1.8ಕ್ಕೆ ತೆರೆದರೆ ಹಿಂದಿನ ಮರಗಳೆಲ್ಲ ಹೇಗೂ ಮಸುಕಾಗುತ್ತವೆ. ಹುಡುಗಿ ಕಾಡಿನ ಒಳಗೆ ನಿಂತಿದ್ದಳೋ ಡಾಂಬರು ರಸ್ತೆಯ ಅಂಚಿನಲ್ಲೋ ಅಂತ ಫೋಟೋ ನೋಡಿದವರಿಗೆ ತಿಳಿಯುವುದಿಲ್ಲ. ಕೆಲಸ ಬಲ್ಲ ಫೋಟೋಗ್ರಾಫರ್‌ಗೆ ಇದು ಹೇಳಿಕೊಡಬೇಕಾಗಿಲ್ಲ. ಮಂಜು ಬೇಕಿದ್ದರೆ ಬೆಳಕು ಹರಿಯುವ ಮೊದಲೇ ಜಾಗದಲ್ಲಿ ಇರಬೇಕು, ತಡವಾಗಿ ಬಂದು ಹುಡುಗಿಯನ್ನು ನೆಲಕ್ಕೆ ಮಲಗಿಸಿ ಸರಿದೂಗಿಸುವುದಲ್ಲ. ಸುತ್ತ ಎಲ್ಲಾದರೂ ಮಂಗ ಸತ್ತಿದೆಯಾ ಅಂತ ಊರಿನವರನ್ನು ಕೇಳಿ. ಸತ್ತಿದ್ದರೆ ಆ ಕಡೆ ಕಾಲಿಡಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆಯನ್ನು ರೋಗ ಇರುವ ಊರುಗಳಲ್ಲಿ ಆಶಾ ಕಾರ್ಯಕರ್ತೆಯರು ಕೊಡುತ್ತಾರೆ, ಹಚ್ಚಿಕೊಂಡೇ ಹೋಗಿ. ಮೇಕಪ್ ಹಾಳಾಗುತ್ತದೆ ಅಂದರೆ ಹಾಳಾಗಲಿ.

ಮನೆಗೆ ಬಂದ ಕೂಡಲೇ ಬಿಸಿನೀರು, ಸೋಪು ಹಾಕಿ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ. ಕಚ್ಚಿದ ಉಣುಗನ್ನು ಚಿಮುಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೇರ ಎಳೆಯಿರಿ. ಉಗುರಿನಲ್ಲಿ ಜಜ್ಜಬೇಡಿ, ಸೀಮೆಎಣ್ಣೆ ಸುರಿಯಬೇಡಿ. ಜ್ವರ ಬಂದರೆ ಸುಮ್ನೆ ಆಸ್ಪಿರಿನ್, ಐಬುಪ್ರೊಫೇನ್ ನುಂಗಬೇಡಿ, ರಕ್ತಸ್ರಾವದ ಭಯ ಇದೆ. ನೇರ ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು. ಮಂಜು ಹೋದ ಮೇಲೆ ಅವರು ಹೊಗೆ ಬರುವ ಡಬ್ಬಿ ತೆಗೆದು ಹಚ್ಚಿದರು. ಕಾಲಡಿಯಲ್ಲಿ ಒಣ ದರಕು, ಡಬ್ಬಿಯ ಬಾಯಿ ಸುಡುವಷ್ಟು ಬಿಸಿ. ಬೇಸಿಗೆಯಲ್ಲಿ ಬೆಟ್ಟಕ್ಕೆ ಬೆಂಕಿ ಬಿದ್ದು ಅದನ್ನು ಸೊಪ್ಪು ಬಡಿದು ಆರಿಸಿದ ಊರಿನವರು ಇದನ್ನು ನೋಡಿದರೆ ಏನನ್ನಬೇಕು? ಯಾಣದ ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಅಲ್ಲಿ ಇದನ್ನು ಹಚ್ಚಿದ್ದರೆ ಪ್ರವಾಸಿಗರ ಗತಿಯೂ ಕಷ್ಟವಿತ್ತು. ಪ್ಯಾಕೇಜಿನಲ್ಲಿ ಸ್ಮೋಕ್ ಅಂತ ಬರೆದಿದ್ದರೆ ಬೇಡ ಅನ್ನಿ.

ಫೋಟೋ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಬಂದ ಫೋಟೋಗಳಲ್ಲಿ ಹಿಮ ಉದುರುವ ಹಾಗೆ ಎಡಿಟ್ ಮಾಡಿದ್ದರು. ಮೂಲ ಫೈಲ್ ಕೇಳಿದರೆ ಇನ್ನಷ್ಟು ಹಣ ಕೇಳಿದರು. ನಮ್ಮನ್ನು ಕೇಳದೆ ತಂಗಿಯ ಫೋಟೋವನ್ನು ತಮ್ಮ ಜಾಹೀರಾತಿಗೆ ಹಾಕಿಕೊಂಡರು. ನೆನಪಿಡಿ: 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ನೀವು ಹಣ ಕೊಟ್ಟು ಹೇಳಿ ತೆಗೆಸಿದ ಫೋಟೋದ ಹಕ್ಕು ನಿಮ್ಮದು, ಬೇರೆ ಒಪ್ಪಂದ ಇಲ್ಲದಿದ್ದರೆ. ಆದ್ದರಿಂದ ಸಹಿ ಹಾಕಿಸುವ ಹಾಳೆಯಲ್ಲಿ ಹಕ್ಕು ಯಾರದ್ದು, ಜಾಹೀರಾತಿಗೆ ಬಳಸುತ್ತಾರಾ ಅನ್ನುವ ಸಾಲುಗಳನ್ನು ಓದಿ, ಒಪ್ಪದ್ದನ್ನು ಹೊಡೆದು ಹಾಕಿ. ನಾವು ಸಹಿ ಹಾಕಿರಲಿಲ್ಲ, ಅದನ್ನು ತಿಳಿಸಿ ಬರೆದ ಮೇಲೆ ಜಾಹೀರಾತು ತೆಗೆದರು. ಹಣದ ವಿಷಯಕ್ಕೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದ್ದೇವೆ. ಅಲ್ಲಿ ಬಗೆಹರಿಯದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. 5 ಲಕ್ಷ ರೂಪಾಯಿ ತನಕದ ವ್ಯವಹಾರಕ್ಕೆ ಅಲ್ಲಿ ದೂರಿನ ಶುಲ್ಕ ಇಲ್ಲ.

ಈ ಚಳಿಗಾಲದಲ್ಲಿ ಇಂಥ ಬಾಡಿಗೆ ಗೌನ್ ತೊಟ್ಟು ಯಾರಾದರೂ ಶೂಟ್ ಮಾಡಿಸಿದ್ದರೆ, ಮನೆಯ ಒಳಗೇ ಮಾಡಿಸಿದ್ದರೂ ಸರಿ, ಮೈ ಒಮ್ಮೆ ಪೂರ್ತಿ ನೋಡಿಕೊಳ್ಳಿ. ಜ್ವರ ಬಂದರೆ ಡಾಕ್ಟರ್‌ಗೆ ಗೌನ್ ವಿಷಯವನ್ನು ತಪ್ಪದೆ ಹೇಳಿ. ಸಿದ್ದಾಪುರದ ಬೆಟ್ಟದ ನೆಲದ ಮೇಲೆ ಎಳೆದಾಡಿದ ಆ ಬಟ್ಟೆ ಒಗೆಯದೆ ಪೆಟ್ಟಿಗೆಗೆ ಹೋಗಿದೆ.