ಸ್ಕ್ವೂಶ್: ಫೋಟೋ ಚಿಕ್ಕದಾಗಲಿ, ಸೊಟ್ಟಗಾಗುವುದು ಬೇಡ

ಸಣ್ಣ ಸೀರೆ ಅಂಗಡಿಗಳ ವೆಬ್‌ಸೈಟ್ ಸುಮ್ನೆ ನೋಡ್ತಾ ಹೋಗಿ. ಎಷ್ಟೋ ಕಡೆ ಉದ್ದದ ಫೋಟೋವನ್ನು ಚೌಕದ ಜಾಗಕ್ಕೆ ಹಿಗ್ಗಿಸಿ ಕೂರಿಸಿರುತ್ತಾರೆ. ಇಳಕಲ್ ಸೀರೆಯ ಚೌಕಳಿ ಇಟ್ಟಿಗೆಯ ಹಾಗೆ ಕಾಣುತ್ತದೆ, ಉಟ್ಟವರ ಮುಖವೂ ಅಗಲ. ಹೀಗಾದರೆ ಕೊಳ್ಳುವವರು ಏನಂತ ನಂಬಿ ಆರ್ಡರ್ ಮಾಡಬೇಕು?

ಇದಕ್ಕೆ ನಾನು ಬಳಸುವುದು ಸ್ಕ್ವೂಶ್ ಅನ್ನುವ, ಫೋಟೋ ಕುಗ್ಗಿಸುವ ವೆಬ್‌ಸೈಟ್. ಗೂಗಲ್‌ನ ಕ್ರೋಮ್ ತಂಡ 2018ರಲ್ಲಿ ಬಿಟ್ಟದ್ದು, ಪುಕ್ಕಟೆ. ಲಾಗಿನ್ ಕೇಳುವುದಿಲ್ಲ, ಫೋಟೋ ಮೇಲೆ ತನ್ನ ಹೆಸರು ಒತ್ತುವುದಿಲ್ಲ, ಕೆಲಸವೆಲ್ಲ ನಿಮ್ಮ ಬ್ರೌಸರ್‌ನಲ್ಲೇ ನಡೆಯುವುದರಿಂದ ಫೋಟೋ ಬೇರೆಯವರ ಸರ್ವರ್‌ಗೂ ಹೋಗುವುದಿಲ್ಲ.

ರೀಸೈಜ್ ಆನ್ ಮಾಡಿ, ‘ಮೇಂಟೇನ್ ಆಸ್ಪೆಕ್ಟ್ ರೇಶಿಯೋ’ (ಅಗಲ-ಎತ್ತರದ ಅನುಪಾತ ಉಳಿಸು) ಟಿಕ್ ಇದೆಯಾ ನೋಡಿಕೊಂಡು ಅಗಲ ಮಾತ್ರ ತುಂಬಿ. ಮೊಬೈಲಿನಲ್ಲಿ ತೆಗೆದ 3000×4000ರ ಫೋಟೋಗೆ ಅಗಲ 800 ಅಂದರೆ ಎತ್ತರ ತಾನಾಗಿಯೇ 1067 ಆಗುತ್ತದೆ. ಅಷ್ಟೇ. ಆ ಟಿಕ್ ತೆಗೆದು 800×800 ಅಂತ ಹಾಕಿದಿರೋ, ‘ಸ್ಟ್ರೆಚ್’ ಇದ್ದರೆ ಚಿತ್ರ ಅಡ್ಡಕ್ಕೆ ಹಿಗ್ಗುತ್ತದೆ. ‘ಕಂಟೇನ್’ ಆರಿಸಿದರೆ ಹಿಗ್ಗುವುದಿಲ್ಲ, ಆದರೆ ಮೂಲ ಫೋಟೋದ ಮೇಲೆ 500, ಕೆಳಗೆ 500 ಪಿಕ್ಸೆಲ್‌ನಷ್ಟು ಭಾಗ ಕತ್ತರಿಸಿ ಹೋಗುತ್ತದೆ. ಉಟ್ಟ ಸೀರೆಯ ಅಂಚು ಇರುವುದೇ ಕೆಳಗೆ ಅಲ್ವಾ! ಯಾವ ಭಾಗ ಉಳಿಯಬೇಕು ಅಂತ ನಾವು ಹೇಳುವ ಹಾಗಿಲ್ಲ, ಯಾವಾಗಲೂ ನಡುವಿನದನ್ನೇ ಇಟ್ಟುಕೊಳ್ಳುತ್ತದೆ. ಹಾಗಾಗಿ ಚೌಕ ಬೇಕೇ ಬೇಕು ಅನ್ನುವವರು ಮೊಬೈಲಿನಲ್ಲೇ ಮೊದಲು ಕ್ರಾಪ್ ಮಾಡಿಕೊಂಡು ಬನ್ನಿ.

ನನಗೆ ಜಾಸ್ತಿ ಇಷ್ಟವಾದದ್ದು ನಡುವಿನ ಗೆರೆ. ಅದನ್ನು ಆಚೀಚೆ ಎಳೆದರೆ ಒಂದು ಕಡೆ ಮೂಲ ಚಿತ್ರ, ಇನ್ನೊಂದು ಕಡೆ ಹೊಸದು. ಸೆರಗಿನ ಮೇಲೆ ಜೂಮ್ ಮಾಡಿ ಕ್ವಾಲಿಟಿ ಇಳಿಸುತ್ತಾ ಹೋದರೆ ಎಳೆಗಳು ಎಲ್ಲಿ ಕಲಸಿಹೋಗುತ್ತವೆ ಅಂತ ಕಣ್ಣಾರೆ ಕಾಣುತ್ತದೆ, ಫೈಲ್ ಎಷ್ಟು ಹಗುರಾಯಿತು ಅನ್ನುವುದೂ ಕೆಳಗೆ ಬರುತ್ತದೆ. ವೆಬ್‌ಪಿ ಅನ್ನುವ ಫೈಲ್ ಬಗೆ ಆರಿಸಿದರೆ ಸಾಮಾನ್ಯವಾಗಿ ಜೆಪೆಗ್‌ಗಿಂತ ಹಗುರ.

ಚಿಕ್ಕ ಫೋಟೋವನ್ನು ದೊಡ್ಡದು ಮಾಡಲು ಮಾತ್ರ ಹೋಗಬೇಡಿ, ಮಸುಕಾಗುತ್ತದೆ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಮೊದಲೇ ಕುಗ್ಗಿರುತ್ತದೆ, ನೇಕಾರರ ಹತ್ತಿರ ಡಾಕ್ಯುಮೆಂಟ್ ಆಗಿ ಕಳಿಸಿ ಅಂತಲೇ ಕೇಳಿ.

ಕೊರತೆ ಅಂದರೆ, ಒಂದು ಸಲಕ್ಕೆ ಒಂದೇ ಫೋಟೋ. ಹಬ್ಬದ ಸ್ಟಾಕ್ ಬಂದು ನೂರಾರು ಫೋಟೋ ರಾಶಿ ಬಿದ್ದಾಗ ಇದನ್ನು ಹಿಡಿದು ಕೂತರೆ ಕೈ ಸೋತುಹೋಗುತ್ತದೆ. ಅಂಥ ಹೊತ್ತಿಗೆ ವಿಂಡೋಸ್‌ನಲ್ಲಿ ಇರ್ಫಾನ್‌ವ್ಯೂ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು ಎಲ್ಲವನ್ನೂ ಒಟ್ಟಿಗೆ ಬ್ಯಾಚ್‌ನಲ್ಲಿ ಬಿಡಿ, ಅಲ್ಲೂ ಅನುಪಾತ ಉಳಿಸುವ ಟಿಕ್ ಇದೆ.