ಕ್ಯೂ-ಟಾಫ್ ಮಾಸ್ ಸ್ಪೆಕ್: ವರ್ಷಗಟ್ಟಲೆ ಓಡಿಸಿದ ಮೇಲೆ ಬರೆದ ವಿಮರ್ಶೆ

ಕ್ಯೂ-ಟಾಫ್ ಅಂದರೆ ಮಾಲಿಕ್ಯೂಲ್‌ಗಳ ಮಾಸ್ (ತೂಕ) ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್‌ನ ಒಂದು ಬಗೆ: ಕ್ಯೂ ಅಂದರೆ ಮಾಸ್ ಜರಡಿಯಂಥ ಕ್ವಾಡ್ರುಪೋಲ್, ಟಾಫ್ ಅಂದರೆ ಟೈಮ್-ಆಫ್-ಫ್ಲೈಟ್. ರೇಟಿಂಗ್ ಮೊದಲೇ ಹೇಳಿಬಿಡುತ್ತೇನೆ. ಮೆಷಿನ್‌ಗೆ ಐದಕ್ಕೆ ನಾಲ್ಕು, ಸರ್ವಿಸ್‌ಗೆ ಎರಡೂವರೆ. ಕಂಪನಿ ಹೆಸರು ಬರೆಯುವುದಿಲ್ಲ, ಎಎಂಸಿ (ವರ್ಷದ ನಿರ್ವಹಣೆ ಕರಾರು) ಇನ್ನೂ ಅವರ ಕೈಯಲ್ಲೇ ಇದೆ. ಹಾಗೆ ನೋಡಿದರೆ ಇಲ್ಲಿ ಬರೆದಿರುವುದರಲ್ಲಿ ಜಾಸ್ತಿ ಪಾಲು ಯಾವ ಕಂಪನಿಯ ಟೈಮ್-ಆಫ್-ಫ್ಲೈಟ್ ಮೆಷಿನ್ ಕೊಂಡರೂ ನಿಮಗೆ ಎದುರಾಗುವಂಥದ್ದೇ.

ನಮ್ಮದು ಬೆಂಗಳೂರಿನ ಒಂದು ಕಾಮನ್ ಫೆಸಿಲಿಟಿ, ಅಂದರೆ ಹಲವರು ಸ್ಯಾಂಪಲ್ ತಂದು ಓಡಿಸಿಕೊಳ್ಳುವ ಲ್ಯಾಬ್. ಇಂಥದ್ದೇ ಸ್ಯಾಂಪಲ್ ಬರುತ್ತದೆ ಅಂತಿಲ್ಲ. ಅರಿಶಿನದ ಎಕ್ಸ್‌ಟ್ರ್ಯಾಕ್ಟ್ ಬರುತ್ತದೆ, ಸಿಂಥೆಸಿಸ್ ಹುಡುಗರು ಹಿಂದಿನ ರಾತ್ರಿ ಮಾಡಿದ ಮಾಲಿಕ್ಯೂಲ್ ಬರುತ್ತದೆ, ಸ್ಟಾರ್ಟಪ್‌ನವರ ಆಂಟಿಬಾಡಿ ಬರುತ್ತದೆ. ಮೊದಲು ಒಂದು ಹಳೇ ಕ್ಯೂ-ಟಾಫ್ ಇತ್ತು. ಅದನ್ನು ತೆಗೆದು ಇದನ್ನು ಹಾಕಿ ಸಾಕಷ್ಟು ವರ್ಷವಾಯಿತು. ಕೊಳ್ಳುವಾಗ ಬ್ರೋಷರ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಇದ್ದದ್ದು ರೆಸಲ್ಯೂಷನ್ (ಹತ್ತಿರದ ಎರಡು ಮಾಸ್‌ಗಳನ್ನು ಬೇರ್ಪಡಿಸುವ ಶಕ್ತಿ) 40,000 ಅನ್ನುವ ಅಂಕಿ. ದಿನನಿತ್ಯದ ಕೆಲಸ ಹಗುರ ಮಾಡಿದ್ದು ಮಾತ್ರ ಆ ಅಂಕಿ ಅಲ್ಲ.

ಹೊಸಬರಿಗಾಗಿ ಎರಡು ಮಾತು. ಸ್ಯಾಂಪಲ್‌ನ ಮಾಲಿಕ್ಯೂಲ್‌ಗಳಿಗೆ ಚಾರ್ಜ್ ಕೊಟ್ಟು ಅಯಾನು ಮಾಡಿ, ಎಲ್ಲ ಅಯಾನುಗಳಿಗೂ ಒಂದೇ ವೋಲ್ಟೇಜ್ ಕೊಟ್ಟು ದೂಡುತ್ತಾರೆ. ಹಗುರವಾದದ್ದು ಬೇಗ ತಲುಪುತ್ತದೆ, ಭಾರದ್ದು ತಡವಾಗಿ ತಲುಪುತ್ತದೆ. ಆ ಸಮಯ ಅಳೆದರೆ ಮಾಸ್ ಸಿಗುತ್ತದೆ, ಅಷ್ಟೇ. ಆದರೆ ವೇಗ ನೋಡಿ: 10,000 ವೋಲ್ಟ್‌ನಲ್ಲಿ ದೂಡಿದರೆ 1000 ಮಾಸಿನ, ಒಂದೇ ಚಾರ್ಜ್ ಇರುವ ಅಯಾನು ಸೆಕೆಂಡಿಗೆ ಸುಮಾರು 44 ಕಿಲೋಮೀಟರ್ ಓಡುತ್ತದೆ. ಎರಡು ಮೀಟರ್ ಹಾದಿ 45 ಮೈಕ್ರೊಸೆಕೆಂಡಿನಲ್ಲಿ ಮುಗಿಯಿತು. ಇದರಲ್ಲಿ 40,000 ರೆಸಲ್ಯೂಷನ್ ಬೇಕೆಂದರೆ ಅರ್ಧ ನ್ಯಾನೊಸೆಕೆಂಡಿನ ಆಸುಪಾಸಿನ ವ್ಯತ್ಯಾಸ ಹಿಡಿಯಬೇಕು. ಅಯಾನುಗಳು ಒಂದೇ ಜಾಗದಿಂದ, ಒಂದೇ ವೇಗದಲ್ಲಿ ಹೊರಡುವುದೂ ಇಲ್ಲ. ಅದನ್ನು ಸರಿಮಾಡಲು 1955ರಲ್ಲಿ ವೈಲಿ ಮತ್ತು ಮೆಕ್‌ಲಾರೆನ್ ಎರಡು ಹಂತದಲ್ಲಿ ದೂಡುವ ವಿಧಾನ ತಂದರು. 1973ರಲ್ಲಿ ರಷ್ಯಾದ ಮಮಿರಿನ್ ತಂಡ ರಿಫ್ಲೆಕ್ಟ್ರಾನ್ ಪ್ರಕಟಿಸಿತು. ಇದು ವಿದ್ಯುತ್ ಕ್ಷೇತ್ರದ ಕನ್ನಡಿ. ವೇಗದ ಅಯಾನು ಕನ್ನಡಿಯೊಳಗೆ ಆಳಕ್ಕೆ ಹೋಗಿ ತಿರುಗುತ್ತದೆ, ನಿಧಾನದ್ದು ಮೇಲಿಂದಲೇ ತಿರುಗುತ್ತದೆ, ಕೊನೆಗೆ ಎರಡೂ ಡಿಟೆಕ್ಟರ್ ಹತ್ತಿರ ಒಟ್ಟಿಗೆ ಬರುತ್ತವೆ. 80ರ ದಶಕದ ಕೊನೆಯ ಹೊತ್ತಿಗೆ ಅಯಾನುಗಳನ್ನು ಅಡ್ಡಕ್ಕೆ ತಂದು, ಲಂಬವಾಗಿ ದೂಡುವ ವಿನ್ಯಾಸ ಬಂತು. ದ್ರವವನ್ನು ಸಿಂಪಡಿಸಿ ಅಯಾನು ಮಾಡುವ ಎಲೆಕ್ಟ್ರೊಸ್ಪ್ರೇ, ಮಿಶ್ರಣವನ್ನು ಬೇರ್ಪಡಿಸುವ ಎಲ್‌ಸಿ (ಲಿಕ್ವಿಡ್ ಕ್ರೊಮಟೋಗ್ರಫಿ) ಎಲ್ಲ ಟಾಫ್ ಜೊತೆ ಸಲೀಸಾಗಿ ಸೇರಿಕೊಂಡದ್ದು ಅದರಿಂದ. ನಮ್ಮ ಮೆಷಿನ್‌ನಲ್ಲಿ ಈ ಮೂರೂ ಇವೆ. ಈಗ ಮಾರಾಟದಲ್ಲಿರುವ ಯಾವ ಕ್ಯೂ-ಟಾಫ್‌ನಲ್ಲೂ ಇವು ಇದ್ದೇ ಇರುತ್ತವೆ.

ಇನ್ನು ರೆಸಲ್ಯೂಷನ್ ಎಷ್ಟು ಬೇಕು ಅನ್ನುವುದು. ಅರಿಶಿನದ ಕರ್ಕ್ಯುಮಿನ್ ಸೋಡಿಯಂ ಹಿಡಿದುಕೊಂಡರೆ 391.1152ರಲ್ಲಿ ಪೀಕ್ ಬರುತ್ತದೆ. ಪ್ಲಾಸ್ಟಿಕ್ ಬಾಟಲಿ, ಟ್ಯೂಬ್‌ಗಳಿಂದ ಇಳಿದು ಬರುವ ಥ್ಯಾಲೇಟ್ 391.2843ರಲ್ಲಿ ಬರುತ್ತದೆ. ಸಾದಾ ಕ್ವಾಡ್ರುಪೋಲ್‌ನಲ್ಲಿ ಎರಡೂ 391, ಹುಡುಗರು ಖುಷಿಯಾಗಿ ಥ್ಯಾಲೇಟನ್ನೇ ಕರ್ಕ್ಯುಮಿನ್ ಅಂತ ಬರೆದುಕೊಂಡು ಹೋಗುತ್ತಾರೆ. ಟಾಫ್‌ನಲ್ಲಿ ಬೇರೆಬೇರೆ ಕಾಣುತ್ತದೆ, ನಿಜ. ಆದರೆ ಇವೆರಡನ್ನು ಬೇರ್ಪಡಿಸಲು ಎರಡೂವರೆ ಸಾವಿರ ರೆಸಲ್ಯೂಷನ್ ಸಾಕು! ನಮ್ಮ ಹಳೇ ಮೆಷಿನ್ ಕೂಡ ಅದನ್ನು ಆರಾಮವಾಗಿ ಮಾಡುತ್ತಿತ್ತು. ಇನ್ನೊಂದು ತುದಿಗೆ ಬನ್ನಿ. ಕಚ್ಚಾ ತೈಲದ ಕೆಲಸದಲ್ಲಿ ಮೂರು ಕಾರ್ಬನ್ ಇರುವ ಜಾಗದಲ್ಲಿ ಒಂದು ಸಲ್ಫರ್, ನಾಲ್ಕು ಹೈಡ್ರೋಜನ್ ಇದ್ದರೆ ವ್ಯತ್ಯಾಸ ಬರೀ 0.0034. ಮಾಸ್ 400ರ ಹತ್ತಿರ ಅದಕ್ಕೆ ಲಕ್ಷ ದಾಟಿದ ರೆಸಲ್ಯೂಷನ್ ಬೇಕು, ನಮ್ಮ 40,000 ಅಲ್ಲಿ ಏನೂ ಮಾಡಲಾರದು. ಆಂಟಿಬಾಡಿಯದು ಮತ್ತೂ ಬೇರೆ ಕಥೆ. 148 ಕಿಲೋಡಾಲ್ಟನ್‌ನ ಪ್ರೋಟೀನಿನ ಐಸೋಟೋಪ್‌ಗಳನ್ನು ಈ ಮೆಷಿನ್ ಬಿಡಿಸಿ ತೋರಿಸುವುದಿಲ್ಲ, ಬಿಡಿಸಬೇಕಾಗಿಯೂ ಇಲ್ಲ. ಗ್ರಾಹಕರಿಗೆ ಬೇಕಾದದ್ದು 162 ಡಾಲ್ಟನ್ ಅಂತರದ ಸಕ್ಕರೆ ತುಣುಕುಗಳು. ಅದಕ್ಕೆ ಅಯಾನು ಹುಟ್ಟುವ ಸೋರ್ಸ್‌ನಲ್ಲಿ ಹನಿಗಳನ್ನು ಚೆನ್ನಾಗಿ ಒಣಗಿಸಬೇಕು, ಸ್ಯಾಂಪಲ್‌ನಲ್ಲಿ ಉಪ್ಪು ಇರಬಾರದು. ಅಂದರೆ ಆ ದೊಡ್ಡ ಅಕ್ಷರದ ಅಂಕಿ ನಮಗೆ ಬೇಕಾಗುವುದು ನಡುವಿನ ಕೆಲವು ಕೆಲಸಗಳಿಗೆ ಮಾತ್ರ.

ನಿಜವಾಗಿ ಉಸಿರಾಡುವಂತೆ ಮಾಡಿದ್ದು ತಾಪಮಾನದ ವಿಷಯ. ಲೆಕ್ಕ ಹಾಕಿ ನೋಡಿ. ಅಯಾನು ಓಡುವ ಫ್ಲೈಟ್ ಟ್ಯೂಬ್ ಸ್ಟೇನ್‌ಲೆಸ್ ಸ್ಟೀಲಿನದಾದರೆ ಒಂದು ಡಿಗ್ರಿಗೆ ಹತ್ತಿರಹತ್ತಿರ 17 ಪಿಪಿಎಂ (ಹತ್ತು ಲಕ್ಷದಲ್ಲಿ 17 ಪಾಲು) ಹಿಗ್ಗುತ್ತದೆ. ಮಾಸ್ ಲೆಕ್ಕದಲ್ಲಿ ಸಮಯದ ವರ್ಗ ಬರುತ್ತದೆ, ಆದ್ದರಿಂದ ತಪ್ಪು ಎರಡರಷ್ಟು, 34 ಪಿಪಿಎಂ. ಫಾರ್ಮುಲಾ ಖಚಿತ ಮಾಡಲು ನಮಗೆ ಬೇಕಾದದ್ದು 5 ಪಿಪಿಎಂ ಒಳಗಿನ ತಪ್ಪು. ರೂಮಿನ ಒಂದು ಡಿಗ್ರಿ ಹಾಗೇ ಟ್ಯೂಬಿಗೆ ಇಳಿದರೆ ಕೆಲಸ ಕೆಟ್ಟಿತು ಅಂತಲೇ ಅರ್ಥ. ಬೆಂಗಳೂರಿನ ಹವೆ ತಂಪು ಅನ್ನುವವರು ಏಪ್ರಿಲ್ ಮಧ್ಯಾಹ್ನ ಎಸಿ ಟ್ರಿಪ್ ಆದಾಗ ನಮ್ಮ ಲ್ಯಾಬಿಗೆ ಬರಬೇಕು. ಹಳೇ ಮೆಷಿನ್‌ನಲ್ಲಿ ಬೆಳಿಗ್ಗೆ ಮಾಡಿದ ಕ್ಯಾಲಿಬ್ರೇಷನ್ ಊಟದ ಹೊತ್ತಿಗೆ ಹಳಸುತ್ತಿತ್ತು. ಈಗಿನ ವಿನ್ಯಾಸಗಳಲ್ಲಿ ಕೆಲವು ಕಂಪನಿಗಳು ಫ್ಲೈಟ್ ಟ್ಯೂಬನ್ನು ಇನ್ವಾರ್ ಅನ್ನುವ ಕಬ್ಬಿಣ-ನಿಕಲ್ ಮಿಶ್ರಲೋಹದಲ್ಲಿ ಮಾಡುತ್ತವೆ, ಅದು ಡಿಗ್ರಿಗೆ ಒಂದು ಪಿಪಿಎಂ ಚಿಲ್ಲರೆ ಮಾತ್ರ ಹಿಗ್ಗುತ್ತದೆ. 1896ರಲ್ಲಿ ಗಿಯೋಮ್ ಕಂಡುಹಿಡಿದ ಲೋಹ, 1920ರಲ್ಲಿ ಅವರಿಗೆ ನೊಬೆಲ್ ಕೂಡ ಬಂತು. ಇನ್ನು ಕೆಲವರು ಟ್ಯೂಬ್ ಸುತ್ತ ಹೀಟರ್, ಇನ್ಸುಲೇಷನ್ ಹಾಕಿ ಒಂದೇ ತಾಪದಲ್ಲಿ ಇಡುತ್ತಾರೆ, ನಮ್ಮದು ಆ ಥರದ್ದು. ಇದರ ಮೇಲೆ ಲಾಕ್ ಮಾಸ್ ಅಂತ ಗೊತ್ತಿರುವ ಒಂದು ಅಯಾನನ್ನು ಆಗಾಗ ಓಡಿಸಿ ಲೆಕ್ಕ ತಿದ್ದಿಕೊಳ್ಳುತ್ತದೆ. ಲ್ಯೂಸಿನ್ ಎಂಕೆಫಲಿನ್ 556.2766, ಈ ನಂಬರ್ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಹೈ ವೋಲ್ಟೇಜ್ ಸಪ್ಲೈ ಅಲುಗಾಡಿದರೂ ಮಾಸ್ ಅಷ್ಟೇ ಅಲುಗಾಡುತ್ತದೆ, ಹತ್ತು ಪಿಪಿಎಂ ವೋಲ್ಟೇಜ್ ಜಾರಿದರೆ ಹತ್ತು ಪಿಪಿಎಂ ಮಾಸ್ ಜಾರಿತು. ಅದಕ್ಕೇ ಹೇಳುವುದು, ಮೆಷಿನ್ ಬಜೆಟ್‌ನಲ್ಲೇ ಟೈಮರ್ ಮೇಲೆ ಸರದಿಯಲ್ಲಿ ಓಡುವ ಎರಡು ಎಸಿ, ಒಳ್ಳೆಯ ಯುಪಿಎಸ್ ಸೇರಿಸಿಕೊಳ್ಳಿ. ಆಮೇಲೆ ಕೇಳಿದರೆ ಅಕೌಂಟ್ಸ್‌ನವರು ಕೊಡುವುದಿಲ್ಲ.

ಇನ್ನೊಂದು ದೊಡ್ಡ ಬದಲಾವಣೆ ಡಿಟೆಕ್ಟರ್ ಹಿಂದಿನ ಎಲೆಕ್ಟ್ರಾನಿಕ್ಸ್. ಹಳೆಯದರಲ್ಲಿ ಟಿಡಿಸಿ ಇತ್ತು. ಅದಕ್ಕೆ ಗೊತ್ತಿರುವುದು ಅಯಾನು ಬಂತು, ಬರಲಿಲ್ಲ, ಎರಡೇ. ಒಂದು ಬಂದ ಕೂಡಲೇ ಕೆಲವು ನ್ಯಾನೊಸೆಕೆಂಡ್ ಅದು ಕುರುಡು. ಹಿಂದೆಯೇ ಬಂದವು ಲೆಕ್ಕಕ್ಕೆ ಸಿಗುವುದಿಲ್ಲ. ಸ್ಯಾಂಪಲ್ ಗಟ್ಟಿಯಾದಷ್ಟೂ ಮೊದಲು ಬಂದವೇ ಎಣಿಕೆಯಾಗಿ, ಪೀಕ್ ಎಡಕ್ಕೆ ಜಾರಿ ಮಾಸ್ ಕಡಿಮೆ ತೋರಿಸುತ್ತಿತ್ತು. ಹುಡುಗರಿಗೆ 'ಸ್ವಲ್ಪ ಡೈಲ್ಯೂಟ್ ಮಾಡಿ ತನ್ನಿ' ಅಂತ ಹೇಳಿ ಹೇಳಿ ಸಾಕಾಗಿತ್ತು. ಈಗಿನದರಲ್ಲಿ ಎಡಿಸಿ ಇದೆ, ಸಿಗ್ನಲ್‌ನ ಎತ್ತರವನ್ನೇ ಅಳೆಯುತ್ತದೆ. ಗಟ್ಟಿ ಸ್ಯಾಂಪಲ್, ತೆಳು ಸ್ಯಾಂಪಲ್ ಒಂದೇ ರನ್‌ನಲ್ಲಿ ಬಂದರೂ ಮಾಸ್ ಸರಿ ಇರುತ್ತದೆ. ಅತಿ ಮಾಡಿದರೆ ಇದೂ ಸ್ಯಾಚುರೇಟ್ ಆಗುತ್ತದೆ, ಆದರೆ ಆ ಮಿತಿ ತುಂಬಾ ಮೇಲಿದೆ.

ಈಗ ನನ್ನ ದೊಡ್ಡ ಅಸಮಾಧಾನಕ್ಕೆ ಬರುತ್ತೇನೆ. ಲಂಬವಾಗಿ ದೂಡುವ ಟಾಫ್‌ನಲ್ಲಿ ಒಂದು ಕಂತು ಹಾರುತ್ತಿರುವಾಗ ಹಿಂದೆ ಬರುವ ಅಯಾನುಗಳಲ್ಲಿ ಬಹುಪಾಲು ವ್ಯರ್ಥ. ಸದಾ ಸುರಿಯುವ ನಲ್ಲಿಗೆ ಆಗೊಮ್ಮೆ ಈಗೊಮ್ಮೆ ಬಿಂದಿಗೆ ಹಿಡಿದಂತೆ. ಸಾಮಾನ್ಯವಾಗಿ ಕಾಲು ಭಾಗ ಸಿಕ್ಕರೆ ಪುಣ್ಯ, ಹಗುರ ಮಾಸ್‌ಗಳಲ್ಲಿ ಅದಕ್ಕಿಂತಲೂ ಬಹಳ ಕಡಿಮೆ. ನಮ್ಮ ಮೆಷಿನ್ ಇದರಲ್ಲಿ ಹಳೇ ಕಾಲದ್ದೇ. ಚಿಕ್ಕ ತುಣುಕುಗಳ ಎಂಎಸ್-ಎಂಎಸ್ (ಅಯಾನನ್ನು ಒಡೆದು ತುಣುಕುಗಳ ಮಾಸ್ ಅಳೆಯುವುದು) ನೋಡುವಾಗ ಅದು ಗೊತ್ತಾಗುತ್ತದೆ. ಈಚಿನ ಕೆಲವು ವಿನ್ಯಾಸಗಳು ಸರಿಯಾಗಿ ಇಲ್ಲಿಗೇ ಕೈ ಹಾಕಿವೆ. 2021ರಲ್ಲಿ ಬಂದ ಸೈಎಕ್ಸ್ ಕಂಪನಿಯ ಜೀನೋಟಾಫ್‌ನಲ್ಲಿ ಅಯಾನುಗಳನ್ನು ಒಂದು ಟ್ರ್ಯಾಪ್‌ನಲ್ಲಿ ಹಿಡಿದು, ಭಾರದ್ದನ್ನು ಮೊದಲು, ಹಗುರದ್ದನ್ನು ಆಮೇಲೆ ಬಿಡುತ್ತಾರೆ. ಎಲ್ಲವೂ ದೂಡುವ ಜಾಗಕ್ಕೆ ಒಟ್ಟಿಗೆ ಬರಲಿ ಅಂತ. ಎಷ್ಟು ಸರಳ, ಅಲ್ವಾ? ಬ್ರೂಕರ್‌ನ ಟಿಮ್ಸ್‌ಟಾಫ್ ಇನ್ನೊಂದು ದಾರಿ ಹಿಡಿಯಿತು, ಅಯಾನ್ ಮೊಬಿಲಿಟಿಯಲ್ಲಿ (ಅನಿಲದೊಳಗೆ ಗಾತ್ರ, ಆಕಾರದ ಮೇಲೆ ಬೇರ್ಪಡಿಸುವುದು) ಕೂಡಿಹಾಕಿ ಗುಂಪು ಗುಂಪಾಗಿ ಬಿಡುತ್ತದೆ. ಸಾವಿರಾರು ಪ್ರೋಟೀನ್‌ಗಳನ್ನು ಒಟ್ಟಿಗೆ ನೋಡುವ ಪ್ರೋಟಿಯೋಮಿಕ್ಸ್‌ನವರು ಅದರ ಹಿಂದೆ ಬಿದ್ದದ್ದು ಸುಮ್ನೆ ಅಲ್ಲ.

ಹಾದಿ ಉದ್ದ ಮಾಡುವವರ ಪೈಪೋಟಿ ಬೇರೆ. ಜಿಯೋಲ್ ಕಂಪನಿಯ ಸ್ಪೈರಲ್‌ಟಾಫ್‌ನಲ್ಲಿ ಅಯಾನು ಎಂಟರ ಆಕಾರದಲ್ಲಿ ಸುತ್ತಿ ಸುತ್ತಿ 17 ಮೀಟರ್ ಓಡುತ್ತದೆ. ಥರ್ಮೋದವರು 2023ರಲ್ಲಿ ತಂದ ಆಸ್ಟ್ರಲ್‌ನಲ್ಲಿ ಸ್ವಲ್ಪ ಓರೆಯಾಗಿ ಇಟ್ಟ ಎರಡು ಉದ್ದ ಕನ್ನಡಿಗಳ ನಡುವೆ ಹಿಂದೆ ಮುಂದೆ ಓಡಾಡಿ 30 ಮೀಟರ್ ಮೀರುತ್ತದೆ, ಸೆಕೆಂಡಿಗೆ 200 ಸ್ಪೆಕ್ಟ್ರಮ್. ಹಾದಿ ಉದ್ದವಾದಂತೆ ಅಯಾನುಗಳು ಚದುರಿ ಕಳೆದುಹೋಗುವುದೇ ಹಿಂದಿನ ಸಮಸ್ಯೆಯಾಗಿತ್ತು. ಆಸ್ಟ್ರಲ್‌ನ ವಿಶೇಷ ಉದ್ದ ಅಲ್ಲ, ಅಷ್ಟುದ್ದ ಓಡಿದ ಮೇಲೂ ಅಯಾನುಗಳು ಉಳಿದು ತಲುಪುವುದು. ಮಾರಾಟದವರು ಮೀಟರ್ ಹೇಳಿದಾಗ ನೀವು ಕೇಳಬೇಕಾದದ್ದು ಅದನ್ನೇ.

ಆರ್ಬಿಟ್ರಾಪ್ (ಅಯಾನುಗಳನ್ನು ಹಿಡಿದಿಟ್ಟು, ಅವು ಓಲಾಡುವ ಲಯದಿಂದ ಮಾಸ್ ಅಳೆಯುವ ಮೆಷಿನ್) ತಗೋಬೇಕಿತ್ತಾ ಅಂತ ಕೆಲವರು ಕೇಳುತ್ತಾರೆ. ನಮಗೆ ಬೇಡವಾಗಿತ್ತು. ಎಲ್‌ಸಿ ಪೀಕ್ ಎರಡು ಮೂರು ಸೆಕೆಂಡಿಗೆ ಮುಗಿಯುತ್ತದೆ, ಆರ್ಬಿಟ್ರಾಪ್‌ನಲ್ಲಿ ವೇಗ ಬೇಕೆಂದರೆ ರೆಸಲ್ಯೂಷನ್ ಬಿಟ್ಟುಕೊಡಬೇಕು. ಟಾಫ್‌ನಲ್ಲಿ ಆ ಚೌಕಾಸಿ ಇಲ್ಲ.

ದೂರುಗಳ ಪಟ್ಟಿ ಕೇಳಿ. ಅಯಾನು ಬಂದು ಬಡಿಯುವ ಎಂಸಿಪಿ (ಮೈಕ್ರೋಚಾನಲ್ ಪ್ಲೇಟ್) ಡಿಟೆಕ್ಟರ್ ಸವೆಯುತ್ತದೆ, ವೋಲ್ಟೇಜ್ ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋಗಿ ಒಂದು ದಿನ ಬದಲಾಯಿಸಲೇಬೇಕು. ನಮ್ಮದಕ್ಕೆ ಸ್ಪೇರ್ ಬರಲು ವಾರಗಟ್ಟಲೆ ಕಾದೆವು, ಕಸ್ಟಮ್ಸ್‌ನಲ್ಲಿದೆ ಅನ್ನುವುದೇ ಉತ್ತರ. ಇಂಜಿನಿಯರ್ ಒಳ್ಳೆಯವರು, ಆದರೆ ಇಡೀ ದಕ್ಷಿಣ ಭಾರತಕ್ಕೆ ಬೆರಳೆಣಿಕೆಯ ಜನ. ಕರೆಂಟ್ ಹೋಗಿ ಯುಪಿಎಸ್ ಕೂಡ ಕೈಕೊಟ್ಟರೆ ವ್ಯಾಕ್ಯೂಮ್ ಬಿಡುತ್ತದೆ, ಮತ್ತೆ ಪಂಪ್ ಆಗಿ ಸ್ಥಿರವಾಗಲು ಒಂದು ರಾತ್ರಿ ಹೋಯಿತು. ಸಾಫ್ಟ್‌ವೇರ್ ಬಗ್ಗೆ ಮಾತಾಡದಿರುವುದೇ ಲೇಸು. ವಿಂಡೋಸ್ ಅಪ್‌ಡೇಟ್ ಮಾಡಬೇಡಿ ಅಂತ ಕಂಪ್ಯೂಟರ್ ಮೇಲೆ ಚೀಟಿ ಅಂಟಿಸಿದ್ದೇವೆ, ಪೀಕ್‌ನ ಪೂರ್ತಿ ಆಕಾರ ಉಳಿಸುವ ಪ್ರೊಫೈಲ್ ಡೇಟಾ ಹಾರ್ಡ್ ಡಿಸ್ಕ್ ನುಂಗುತ್ತದೆ, ಹೊಸ ವರ್ಷನ್‌ಗೆ ಮತ್ತೆ ಲೈಸೆನ್ಸ್ ದುಡ್ಡು.

ಕೊಳ್ಳುವವರಿಗೆ ಒಂದು ಮಾತು. ಡೆಮೊದಲ್ಲಿ ರೆಸರ್ಪಿನ್ ಹಾಕಿ ಸೆನ್ಸಿಟಿವಿಟಿ ತೋರಿಸುತ್ತಾರೆ, 609.2807. ನಮ್ಮ ಸರ್ಪಗಂಧದ ಬೇರಿನಿಂದ 1952ರಲ್ಲಿ ಬೇರ್ಪಡಿಸಿದ ಅದೇ ಬಿಪಿ ಔಷಧ, ಈಗ ಜಗತ್ತಿನ ಮಾಸ್ ಸ್ಪೆಕ್‌ಗಳ ಪರೀಕ್ಷೆಗೆ ಬಳಕೆಯಾಗುತ್ತದೆ. ಶುದ್ಧ ಸಾಲ್ವೆಂಟ್‌ನಲ್ಲಿ ಅದು ಎಲ್ಲ ಮೆಷಿನ್‌ನಲ್ಲೂ ಚೆಂದ ಕಾಣುತ್ತದೆ. ನೀವು ನಿಮ್ಮದೇ ಕೊಳಕು ಸ್ಯಾಂಪಲ್ ತಗೊಂಡು ಹೋಗಿ. ಅದನ್ನು ನೂರು ಪಟ್ಟು ತೆಳು ಮಾಡಿ ಒಂದು, ಹಾಗೇ ಒಂದು ಓಡಿಸಲು ಹೇಳಿ, ಎರಡರ ಮಾಸ್ ಹೋಲಿಸಿ. ಲಾಕ್ ಮಾಸ್ ಆಫ್ ಮಾಡಿ ರಾತ್ರಿಯಿಡೀ ಒಂದೇ ಸ್ಯಾಂಪಲ್ ಓಡಿಸಿ, ಬೆಳಿಗ್ಗೆ ಎಷ್ಟು ಪಿಪಿಎಂ ಜಾರಿದೆ ಅಂತ ಗ್ರಾಫ್ ಕೇಳಿ. ಗ್ರಾಫ್ ಕೊಡಲು ಹಿಂದೆಮುಂದೆ ನೋಡಿದರೆ ರೇಟ್ ಮಾತಾಡುವ ಮೊದಲು ಬೇರೆ ಕಂಪನಿಯವರ ಡೆಮೊಗೂ ಒಂದು ದಿನ ಬುಕ್ ಮಾಡಿ.