ಮೂರು ವರ್ಷದ ಫೈಬರ್ ನೆಟ್, ಮತ್ತು ನಮ್ಮ ಮನೆಯ ಹಿಂಬಾಗಿಲು

ಬಳ್ಳಾರಿ ಕೌಲ್ ಬಜಾರಿನಲ್ಲಿ ನಮ್ಮ ಮನೆ. ಮುಂದಿನ ಕೋಣೆಯೇ ನನ್ನ ಆಫೀಸು. ಜೀನ್ಸ್ ಹೊಲಿಯುವ ಸಣ್ಣ ಯೂನಿಟ್‌ಗಳ ಲೆಕ್ಕ ಬರೆಯುತ್ತೇನೆ, ಜಿಎಸ್‌ಟಿ ರಿಟರ್ನ್ ಹಾಕುತ್ತೇನೆ. ಹಾಗಾಗಿ ನೆಟ್ ಅಂದರೆ ನನಗೆ ಸಿನಿಮಾ ಅಲ್ಲ, ರಿಟರ್ನ್ ಹಾಕುವ ಕೊನೆ ದಿನವಾದ 20ನೇ ತಾರೀಖು. ಅವತ್ತು ಸಂಜೆ ನೆಟ್ ಹೋದರೆ ಏನಾಗುತ್ತದೆ ಅಂತ ಲೆಕ್ಕ ಬರೆಯುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಪ್ಲಾನು 599 ರೂಪಾಯಿ ಅಂತಾರೆ, 18 ಪರ್ಸೆಂಟ್ ಜಿಎಸ್‌ಟಿ ಸೇರಿದರೆ 706 ರೂಪಾಯಿ 82 ಪೈಸೆ. ಸ್ಪೀಡು ಎಷ್ಟು, ಏನೇನು ಫ್ರೀ ಅನ್ನೋದೆಲ್ಲ ಅವರ ಪಾಂಪ್ಲೆಟ್‌ನಲ್ಲೇ ಇರುತ್ತದೆ, ಬಿಡಿ. ಕಂಪನಿ ಹೆಸರೂ ಹೇಳಲ್ಲ.

ಮೊದಲ ವರ್ಷ ಒಂದೇ ತೊಂದರೆ ಆಗಿತ್ತು, ಅದೂ ನನ್ನ ಕೈಯಾರೆ. ಪ್ರತಿ ಭಾನುವಾರ ಸ್ನಾನಕ್ಕೆ ಮುಂಚೆ ಟೇಬಲ್ಲು, ಕಂಪ್ಯೂಟರು, ವೈಫೈ ಡಬ್ಬಿ ಎಲ್ಲ ಒರೆಸುವುದು ನನ್ನ ಅಭ್ಯಾಸ. ನಮ್ಮೂರ ಕೆಂಪು ಧೂಳು ನಿಮಗೆ ಗೊತ್ತಿದೆಯಲ್ಲ, ಬೆಳಗ್ಗೆ ಒರೆಸಿದರೆ ಮಧ್ಯಾಹ್ನಕ್ಕೆ ಬೆರಳಲ್ಲಿ ಹೆಸರು ಬರೆಯಬಹುದು. ಒಂದು ಭಾನುವಾರ ಡಬ್ಬಿಗೆ ಬರುವ ಫೈಬರ್ ತಂತಿಯ ಹಸಿರು ತಲೆಯ ಪಿನ್ನನ್ನೂ ಕಿತ್ತು, ಬಾಯಿಂದ ಉಫ್ ಅಂತ ಊದಿ, ಬನಿಯನ್ ತುದಿಯಲ್ಲಿ ಒರೆಸಿ ಮತ್ತೆ ಸಿಕ್ಕಿಸಿದೆ. ನೆಟ್ ಹೋಯಿತು. ಕೇಬಲ್ ಹುಡುಗ ಬಂದು ಪುಟ್ಟ ಕ್ಲೀನರ್‌ನಿಂದ ಟಿಕ್ ಅನ್ನಿಸಿದ, ಬಂತು. ಆ ತಂತಿಯೊಳಗಿನ ಗಾಜಿನ ಎಳೆಯಲ್ಲಿ ನೆಟ್ ಬೆಳಕಾಗಿ ಬರುತ್ತದೆ, ಆ ಬೆಳಕು ಹೋಗುವ ದಾರಿ ಬರೀ 9 ಮೈಕ್ರಾನ್ ಅಂತೆ, ತಲೆಗೂದಲಿಗಿಂತ ಎಷ್ಟೋ ಸಣ್ಣದು. ಒಂದು ಕಣ ಧೂಳು ಅಡ್ಡ ಕೂತರೆ ಸಾಕು.

ಎರಡನೇ ವರ್ಷ ಕೋತಿಗಳು ಮುಂದಿನ ತಂತಿಗೆ ಜೋತುಬಿದ್ದು ಕಿತ್ತು ಹಾಕಿದವು. ಹೊಸ ತಂತಿಯನ್ನು ಹಿತ್ತಲಿನಿಂದ ತಂದು, ಹಿಂಬಾಗಿಲಿನ ಚೌಕಟ್ಟಿನ ಮೂಲೆಯಿಂದ ಒಳಗೆ ಎಳೆದರು. ಅಲ್ಲಿಂದ ಶುರುವಾಯಿತು ನೋಡಿ ಗ್ರಹಚಾರ.

ಸಂಜೆ ಆರೂವರೆ ಆಗುತ್ತಿದ್ದಂತೆ ಡಬ್ಬಿಯಲ್ಲಿ ಕೆಂಪು ಲೈಟು. ಅರ್ಧ ಗಂಟೆ, ಕೆಲವು ಸಲ ಒಂದು ಗಂಟೆ. ಆಮೇಲೆ ತಾನೇ ಸರಿ. ಬೇಸಿಗೆಯಲ್ಲಿ ಇಲ್ಲ, ಮಳೆಗಾಲದಲ್ಲಿ ಜಾಸ್ತಿ. ಫೋನ್ ಮಾಡಿದರೆ "ಸಂಜೆ ಹೊತ್ತು ಲೋಡ್ ಇರುತ್ತೆ ಸಾರ್" ಅಂತಾರೆ. ನಾನೂ ನಂಬಿದೆ. ಎಲ್ಲರೂ ಮನೆಗೆ ಬಂದು ಮೊಬೈಲ್ ಹಿಡಿಯುವ ಹೊತ್ತಲ್ವಾ? ಎರಡು ಸಲ ಯಾರೂ ಬರದೆಯೇ "ನಿಮ್ಮ ದೂರು ಬಗೆಹರಿದಿದೆ" ಅಂತ ಮೆಸೇಜು ಬಂತು. ಮೂರನೇ ಸಲ ಒಬ್ಬ ಬೆಳಗ್ಗೆ ಹನ್ನೊಂದಕ್ಕೆ ಬಂದು, ಎಲ್ಲ ಸರಿ ಇದೆ ಅಂತ ಚಹಾ ಕುಡಿದು ಹೋದ. ಬೆಳಗ್ಗೆ ಹನ್ನೊಂದಕ್ಕೆ ಸರಿಯಿಲ್ಲ ಅಂತ ನಾನು ಯಾವತ್ತು ಹೇಳಿದ್ದೆ? ಒಂದು 20ನೇ ತಾರೀಖು ಮೂರು ಪಾರ್ಟಿಗಳ ರಿಟರ್ನ್ ಬಾಕಿ ಇಟ್ಟುಕೊಂಡು, ಮೊಬೈಲ್ ಹಾಟ್‌ಸ್ಪಾಟ್ ಹಿಡಿದು ಮಾಳಿಗೆ ಮೇಲೆ ಕೂತಿದ್ದೆ. ಆಗಲೇ ಈ ವಿಮರ್ಶೆ ಬರೆದಿದ್ದರೆ ಭಾಷೆ ಬೇರೆಯೇ ಇರುತ್ತಿತ್ತು.

ಕಳೆದ ಮಳೆಗಾಲದಲ್ಲಿ ಬೇರೆ ಹುಡುಗ ಬಂದ. ನನ್ನ ಪುಣ್ಯಕ್ಕೆ ಅವನು ತಡವಾಗಿ, ಆರೂಕಾಲಿಗೆ ಬಂದ. ತಂತಿಯಲ್ಲಿ ಬೆಳಕು ಎಷ್ಟು ಬರುತ್ತಿದೆ ಅಂತ ಅಳೆಯುವ ಪವರ್ ಮೀಟರ್ ಸಿಕ್ಕಿಸಿ ನೋಡಿದರೆ ಮೈನಸ್ 21. "ಚಲೋ ಐತಣ್ಣಾ" ಅಂದ. "ಹತ್ತು ನಿಮಿಷ ಕೂಡ್ರು ತಮ್ಮಾ" ಅಂದೆ. ಒಳಗೆ ಅವ್ವ ದೇವರ ಮುಂದೆ ದೀಪ ಹಚ್ಚಿದಳು. ಮೀಟರು ನಮ್ಮ ಕಣ್ಣೆದುರೇ ಮೈನಸ್ 29ಕ್ಕೆ ಇಳಿಯಿತು. ಮೈನಸ್ 27 ದಾಟಿದರೆ ಡಬ್ಬಿಗೆ ಬೆಳಕು ಹಿಡಿಯುವುದು ಕಷ್ಟ.

ಅವನು ಚೀಲದಿಂದ ಪೆನ್ನಿನಂಥದ್ದೊಂದು ತೆಗೆದ. ಕೆಂಪು ಲೇಸರ್. ನೆಟ್ ತರುವ ಬೆಳಕು ಕಣ್ಣಿಗೆ ಕಾಣಲ್ಲ, ಅದಕ್ಕೇ ಕಾಣುವ ಬೆಳಕು ಬಿಟ್ಟು ಹುಡುಕುತ್ತಾರೆ. ತಂತಿಯ ಈ ತುದಿಗೆ ಅದನ್ನು ಸಿಕ್ಕಿಸಿ, "ಲೈಟ್ ಆರಿಸ್ರಿ" ಅಂದ. ಕತ್ತಲಲ್ಲಿ ತಂತಿಯ ಜಾಡು ಹಿಡಿದು ಅಡುಗೆಮನೆ ದಾಟಿ ಹೋದರೆ, ಹಿಂಬಾಗಿಲಿನ ಮೂಲೆಯಲ್ಲಿ, ಬಾಗಿಲಿಗೂ ಚೌಕಟ್ಟಿಗೂ ನಡುವೆ, ತಂತಿಯ ಬಿಳಿ ಸಿಪ್ಪೆಯೊಳಗಿಂದ ಕೆಂಪಗೆ, ಊದಿದ ಕೆಂಡದ ಹಾಗೆ ಹೊಳೆಯುತ್ತಿದೆ! "ಇಲ್ಲಿ ನೋಡ್ರಣ್ಣಾ, ಬೆಳಕು ಸೋರಕತ್ತೈತೆ" ಅಂದ. ಬಾಗಿಲು ತೆಗೆದ, ಮಾಯ. ಹಾಕಿದ, ಕೆಂಪು. ನಾನೂ ನಾಲ್ಕು ಸಲ ತೆಗೆದು ಹಾಕಿದೆ. ಸುಳ್ಳು ಯಾಕೆ ಹೇಳಲಿ, ಈ ಮೂರು ವರ್ಷದ ದುಡ್ಡಿಗೆ ನನಗೆ ಸಿಕ್ಕ ಅತಿ ದೊಡ್ಡ ಖುಷಿ ಅದೇ.

ವಿಷಯ ಇಷ್ಟೇ. ದೀಪ ಹಚ್ಚುವ ಹೊತ್ತಿಗೆ ಹಿಂಬಾಗಿಲು ತೆರೆದಿದ್ದರೆ ಲಕ್ಷ್ಮಿ ಹೊರಟು ಹೋಗುತ್ತಾಳೆ ಅಂತ ಅವ್ವ ಅಗುಳಿ ಹಾಕುತ್ತಾಳೆ. ಬೇಸಿಗೆಯಲ್ಲಿ ಸೆಖೆಗೆ ಸುಮ್ನೆ ಒರಗಿಸುತ್ತಾಳೆ. ಮಳೆಗಾಲದಲ್ಲಿ ಮರ ಉಬ್ಬಿರುತ್ತದೆ, ಜೋರಾಗಿ ಒತ್ತಬೇಕು. ತಂತಿ ಅಲ್ಲಿ ಮಡಚಿಕೊಳ್ಳುತ್ತಿತ್ತು.

ಮಡಚಿದರೆ ಬೆಳಕು ಯಾಕೆ ಸೋರಬೇಕು? ಎಂಜಿನಿಯರಿಂಗ್ ಓದುವ ಮಗಳು ಹೇಳಿದಳು. ಬಾವಿಯಲ್ಲಿ ಈಜಿದವರಿಗೆ ಇದು ಬೇಗ ತಿಳಿಯುತ್ತದೆ. ಮುಳುಗಿ ಕಣ್ಣು ಬಿಟ್ಟು ಮೇಲೆ ನೋಡಿದರೆ ನೆತ್ತಿಯ ಮೇಲೆ ಒಂದು ದುಂಡು ಭಾಗದಲ್ಲಿ ಮಾತ್ರ ಹೊರಗಿನ ಲೋಕ ಕಾಣುತ್ತದೆ, ಅದರ ಸುತ್ತ ನೀರಿನ ಮೇಲ್ಮೈ ಕನ್ನಡಿಯಾಗಿರುತ್ತದೆ. ಓರೆಯಾಗಿ ಹೋದ ಬೆಳಕು ಹೊರಗೆ ದಾಟದೆ ವಾಪಸ್ ಬರುತ್ತದೆ. ಫೈಬರ್‌ನಲ್ಲಿ ನೀರಿನ ಜಾಗದಲ್ಲಿ ಒಂದು ಗಾಜು, ಗಾಳಿಯ ಜಾಗದಲ್ಲಿ ಅದರ ಸುತ್ತ ಸ್ವಲ್ಪ ಬೇರೆ ಗುಣದ ಇನ್ನೊಂದು ಗಾಜು. ಎಳೆ ನೆಟ್ಟಗಿದ್ದರೆ ಬೆಳಕು ಒಳಗೇ ಉಳಿಯುತ್ತದೆ, ಬಿಗಿಯಾಗಿ ಬಾಗಿದ ಕಡೆ ಆಚೆ ಜಾರಿಕೊಳ್ಳುತ್ತದೆ.

ಇನ್ನೊಂದು ಮಾತು ಕೇಳಿ ನಗು ಬಂತು. 1954ರಲ್ಲೇ ಲಂಡನ್ನಿನಲ್ಲಿ ನಮ್ಮ ಪಂಜಾಬಿನ ನರಿಂದರ್ ಸಿಂಗ್ ಕಪಾನಿ ಗಾಜಿನ ಎಳೆಗಳ ಕಟ್ಟಿನೊಳಗೆ ಚಿತ್ರವನ್ನೇ ದಾಟಿಸಿದ್ದರು. ಆದರೆ ಬೆಳಕು ದೂರ ಹೋಗುತ್ತಿರಲಿಲ್ಲ. 1966ರಲ್ಲಿ ಚಾರ್ಲ್ಸ್ ಕಾವ್ ಅನ್ನುವ ವಿಜ್ಞಾನಿ, ತಪ್ಪು ಗಾಜಿನದಲ್ಲ, ಅದರಲ್ಲಿ ಬೆರೆತ ಕಲ್ಮಶದ್ದು ಅಂದರು. ಅದರಲ್ಲಿ ಮುಖ್ಯವಾದದ್ದು ಯಾವುದು ಗೊತ್ತೇ? ಕಬ್ಬಿಣ! ಕಿಟಕಿ ಗಾಜನ್ನು ಅಂಚಿನಿಂದ ನೋಡಿದರೆ ಹಸಿರು ಕಾಣುವುದೂ ಅದರಿಂದಲೇ. ನಮ್ಮೂರು ಬದುಕಿದ್ದು, ಕೆಟ್ಟದ್ದು ಎರಡೂ ಕಬ್ಬಿಣದ ಅದಿರಿನಿಂದ, ಇಲ್ಲೂ ಅದೇ. ಕಾವ್ ಅವರಿಗೆ 2009ರಲ್ಲಿ ನೊಬೆಲ್ ಬಂತು. ಈಗಿನ ಒಳ್ಳೆ ಫೈಬರ್‌ನಲ್ಲಿ ಬೆಳಕು ಸುಮಾರು 15 ಕಿ.ಮೀ. ಹೋದ ಮೇಲೂ ಅರ್ಧ ಉಳಿದಿರುತ್ತದೆ. ನಾನು ಲೆಕ್ಕದವನು, ಸುಮ್ಮನಿರಲಾಗಲಿಲ್ಲ. ಮೀಟರಿನಲ್ಲಿ 21ರಿಂದ 29 ಅಂದರೆ 8 ಡೆಸಿಬೆಲ್ (ಬೆಳಕಿನ ಏರಿಳಿತದ ಅಳತೆ) ನಷ್ಟ, ಬೆಳಕು ಆರರಲ್ಲಿ ಒಂದು ಪಾಲಿಗೆ ಬಂದಂತೆ. ಸುಮಾರು 40 ಕಿ.ಮೀ. ಗಾಜಿನೊಳಗೆ ಹೋದರೆ ಕಳೆಯುವಷ್ಟು ಬೆಳಕನ್ನು ಅವ್ವನ ಬಾಗಿಲು ಒಂದೇ ತಿನ್ನುತ್ತಿತ್ತು.

ಡಬ್ಬಿಯ ಮೇಲಿನ ಗೂಟದಲ್ಲಿ ಒಂದು ನವಿಲುಗರಿ ಇದೆ. ಅಂಗಡಿಗಳಿಗೆ ಲೋಬಾನ ಹೊಗೆ ಹಾಕಲು ಬರುವ ಫಕೀರಜ್ಜ ಕೊಟ್ಟದ್ದು. ಮಗಳು ಅದನ್ನೇ ತೋರಿಸಿ, "ಅಪ್ಪಾ, ಇದರಲ್ಲಿ ನೀಲಿ ಬಣ್ಣವೇ ಇಲ್ಲ" ಅಂದಳು. ಗರಿಯೊಳಗೆ ಕಡ್ಡಿಯಂಥ ಅತಿ ಸಣ್ಣ ಕಣಗಳು ಲೆಕ್ಕ ಹಾಕಿದ ಹಾಗೆ ಸಾಲಾಗಿ ಕೂತಿರುತ್ತವೆ. ಆ ಸಾಲಿನ ಅಂತರ ಯಾವ ಬಣ್ಣವನ್ನು ಒಳಗೆ ಬಿಡುವುದಿಲ್ಲವೋ ಅದು ವಾಪಸ್ ಬಂದು ನಮ್ಮ ಕಣ್ಣಿಗೆ ಬೀಳುತ್ತದೆ. ಅರೆದು ಪುಡಿ ಮಾಡಿದರೆ ಕಂದು. ಇಂಥ ಜೋಡಣೆಗೆ ಫೋಟಾನಿಕ್ ಕ್ರಿಸ್ಟಲ್ ಅಂತಾರೆ. 1987ರಲ್ಲಿ ಎಲಿ ಯಾಬ್ಲೊನೊವಿಚ್ ಮತ್ತು ಸಜೀವ್ ಜಾನ್ ಅನ್ನುವ ವಿಜ್ಞಾನಿಗಳು ಬೇರೆ ಬೇರೆಯಾಗಿ ಇದರ ಲೆಕ್ಕ ಕೊಟ್ಟರು. 1996ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಫಿಲಿಪ್ ರಸೆಲ್ ಅವರ ತಂಡ ಉದ್ದಕ್ಕೂ ಸಣ್ಣ ತೂತುಗಳಿರುವ ಫೈಬರ್ ಎಳೆಯಿತು. ಆಮೇಲೆ ನಡುವೆ ಟೊಳ್ಳಾಗಿರುವುದೂ ಬಂತು. ಗರಿಯ ಕಣಗಳ ಹಾಗೇ ಸುತ್ತಲಿನ ತೂತುಗಳ ಸಾಲು ಬೆಳಕನ್ನು ತನ್ನೊಳಗೆ ಬಿಡದೆ ನಡುವಿನ ಗಾಳಿಗೇ ತಳ್ಳುತ್ತದೆ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋದರೆ, ಗಾಳಿಯಲ್ಲಿ ಹೆಚ್ಚುಕಡಿಮೆ 3 ಲಕ್ಷ.

"ಅವ್ವನ ಬಾಗಿಲು ತಡೆಯುತ್ತಾ ಅದು?" ಅಂತ ಕೇಳಿದೆ. ಮಗಳು ಉತ್ತರ ಕೊಡಲಿಲ್ಲ, ನಕ್ಕಳು.

ಈಗ ಗೋಡೆಗೆ ತೂತು ಹಾಕಿಸಿ, ಪೈಪು ಕೂಡಿಸಿ, ತಂತಿಯನ್ನು ಅದರೊಳಗೆ ತಂದಿದ್ದೇವೆ. 350 ರೂಪಾಯಿ, ನನ್ನ ಜೇಬಿನಿಂದ. ಹಾಕಿಸಿಕೊಳ್ಳುವವರಿಗೆ ಹೇಳುವುದಿಷ್ಟೆ: ಉಳಿದ ತಂತಿಯನ್ನು ಮೊಳೆಗೆ ಬಿಗಿದು ಸುತ್ತಲು ಬಿಡಬೇಡಿ, ಸ್ಟೀಲ್ ಲೋಟದ ಬಾಯಿಗಿಂತ ಸಣ್ಣ ಸುತ್ತು ಬೇಡ. ಬಾಗಿಲು ಕಿಟಕಿಗಳ ಸಂದಿಯಿಂದ ಅಂತೂ ಬೇಡವೇ ಬೇಡ. ಮತ್ತೆ ತಂತಿಯ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ, ಕಾಣದ ಬೆಳಕೂ ಕಣ್ಣಿಗೆ ಕೆಟ್ಟದ್ದು.

ನೆಟ್ ಈಗ ಕಲ್ಲಿನ ಹಾಗೆ ಗಟ್ಟಿ, ಹೋಗುವುದೇ ಇಲ್ಲ. ಬೇಸಿಗೆಯ 42 ಡಿಗ್ರಿಯಲ್ಲಿ ಡಬ್ಬಿ ಬಿಸಿಯಾಗಿ ಒದ್ದಾಡುತ್ತದೆ, ಗಾಜಿನ ಎಳೆಗೆ ಮಾತ್ರ ಏನೂ ಆಗಲ್ಲ. ಆ ಹುಡುಗನಿಗೆ ಪೂರ್ತಿ ಮಾರ್ಕು. ಕಂಪನಿಗೆ ಕೊಡಲು ಮನಸ್ಸು ಬರುತ್ತಿಲ್ಲ. ಸಂಜೆ ನೆಟ್ ಇಲ್ಲದ ಅಷ್ಟು ತಿಂಗಳಿಗೆ ಬಿಲ್ಲಿನಲ್ಲಿ ಒಂದು ಪೈಸೆ ಕಡಿಮೆ ಮಾಡಿಲ್ಲ. ಪ್ಲಾನು ಪ್ರತಿ ತಿಂಗಳು 19ಕ್ಕೆ ಮುಗಿಯುತ್ತದೆ, 20ಕ್ಕೆ ನನ್ನ ರಿಟರ್ನ್. ಆ ತಾರೀಖು ಬದಲಿಸಿ ಅಂತ ಕೇಳಿ ಎಂಟು ತಿಂಗಳಾಯಿತು. ಅದಕ್ಕೂ "ನಿಮ್ಮ ದೂರು ಬಗೆಹರಿದಿದೆ" ಅಂತ ಮೆಸೇಜು ಬಂದಿದೆ.